ಕಾರಿನೊಳಗೆ ಬಿಷಪ್

ಫೆಸ್ಟಿ ಮನ್ನಿಯನ್ ಬೆಳಗಿನ ಚಹಾಕ್ಕೆ ಎರಡನೇ ಚಮಚ ಸಕ್ಕರೆ ಹಾಕುತ್ತಿದ್ದಾಗ ಫೋನು ಬಡಿದುಕೊಂಡಿತು. ಎತ್ತಿದ ಕೂಡಲೇ ಸೋದರತ್ತೆ ನ್ಯಾಪಿಯ ದನಿ ಬಂಡೆಗೆ ಅಪ್ಪಳಿಸುವ ಅಲೆಯಂತೆ ಅವನ ಕಿವಿಗೆ ಅಪ್ಪಳಿಸಿತು.

“ಫೆಸ್ಟೀ! ನಿನ್ನ ಟಗರು ನನ್ನ ಅಡುಗೆಮನೇಲಿದೆ!”

“ನಮ್ಮ ಟಗರಾ? ಅದು ಗುಡ್ಡದ ಮೇಲಿದೆಯಲ್ಲ ಅತ್ತೆ.”

“ಗುಡ್ಡದ ಮೇಲಿರೋದು ನಿನ್ನ ಬುದ್ಧಿ. ಟಗರು ಇಲ್ಲಿದೆ. ಒಂದು ಪರದೆ ತಿಂದಾಯ್ತು, ಇನ್ನೊಂದಕ್ಕೆ ಬಾಯಿ ಹಾಕಿದೆ. ನಾನು ಮೇಜಿನ ಮೇಲೆ ನಿಂತ್ಕೊಂಡು ಮಾತಾಡ್ತಿದೀನಿ. ಎಂಬತ್ನಾಲ್ಕು ವರ್ಷದ ಮುದುಕಿ ಮೇಜು ಹತ್ತೋ ಹಾಗೆ ಮಾಡಿದೆಯಲ್ಲೋ!”

“ಈಗಲೇ ಬರ್ತೀನಿ ಅತ್ತೆ...”

“ಪೂರ್ತಿ ಕೇಳು. ಶುಕ್ರವಾರ ವಕೀಲ ಬರ್ತಾನೆ, ಉಯಿಲು ಬರೆಯೋಕೆ. ಇವತ್ತು ನೀರು ಏರೋದ್ರೊಳಗೆ ಈ ಪ್ರಾಣಿ ಇಲ್ಲಿಂದ ಹೊರಡಲಿಲ್ಲ ಅಂದ್ರೆ ಎಂಟೆಕರೆನೂ ಡಬ್ಲಿನ್ನಿನ ಬೆಕ್ಕುಗಳ ಆಶ್ರಮಕ್ಕೆ ಬರೆದುಬಿಡ್ತೀನಿ!”

ಫೆಸ್ಟಿ ಫೋನು ಇಟ್ಟು, ಚಹಾ ಅಲ್ಲೇ ಬಿಟ್ಟು ಎದ್ದ. ನಮ್ಮ ಕೌಂಟಿಯ ಕಡಲ ಕರೆಯಲ್ಲಿ ಎಂಟೆಕರೆ ಅಂದರೆ ಸಾಮಾನ್ಯವಾಗಿ ಆರೆಕರೆ ಬಂಡೆ, ಒಂದೆಕರೆ ಕೆಸರು, ಉಳಿದದ್ದು ಬೇಲಿ. ಆದರೆ ಅತ್ತೆ ಒಬ್ಬಳೇ ವಾಸವಾಗಿದ್ದ ಇನಿಶ್‌ಡರ್ಗ್ ದ್ವೀಪದಲ್ಲಿ ಎಂಟಕ್ಕೆ ಎಂಟೆಕರೆಯೂ ಮೊಣಕಾಲುದ್ದದ ಹುಲ್ಲು. ಅದನ್ನು ನೋಡಿಕೊಂಡೇ ಫೆಸ್ಟಿ ಹದಿನೈದು ವರ್ಷ ಅತ್ತೆಯ ಬೈಗುಳ ತಿಂದಿದ್ದ, ಅದೂ ಪ್ರತಿ ಭಾನುವಾರ, ಅತ್ತೆಯ ಗಟ್ಟಿ ಕೇಕಿನ ಜೊತೆಗೆ.

ದಿನಕ್ಕೆರಡು ಸಲ ಕಡಲು ಹಿಂದೆ ಸರಿದಾಗ ನಮ್ಮ ಕಿಲ್‌ಬ್ರಾನನ್ ಊರಿಗೂ ದ್ವೀಪಕ್ಕೂ ನಡುವೆ ಒಂದು ಮೈಲಿ ಮರಳು ತೆರೆದುಕೊಳ್ಳುತ್ತದೆ. ಸಾಲಾಗಿ ಕಂಬಗಳನ್ನು ನೆಟ್ಟಿದ್ದಾರೆ. ಕಂಬದ ಪಕ್ಕದಲ್ಲೇ ಹೋದರೆ ಗಟ್ಟಿ ನೆಲ, ಪಕ್ಕಕ್ಕೆ ಹತ್ತು ಹೆಜ್ಜೆ ತಪ್ಪಿದರೆ ಗಂಜಿ. ನಾಲ್ಕೈದು ತಾಸಿನಲ್ಲಿ ನೀರು ಮತ್ತೆ ಬರುತ್ತದೆ. ಅದು ಯಾರನ್ನೂ ಕೇಳಿಕೊಂಡು ಬರುವುದಿಲ್ಲ.

ಇನ್ನು ಆ ಮರಳು ದಾಟಿ ದ್ವೀಪ ಸೇರಿದ್ದ ಟಗರು. ಮೂರು ವಾರದ ಹಿಂದೆ ಫೆಸ್ಟಿ ಅದನ್ನು ಪಕ್ಕದ ಕೌಂಟಿಯಿಂದ ತಂದಿದ್ದ. ಹಾಲಿನಂಥ ಬಿಳಿ ಉಣ್ಣೆ, ಹಳೆಯ ಧಣಿ ಎದೆಗೆ ಬಳಿದಿದ್ದ ನೇರಳೆ ಬಣ್ಣದ ಗುರುತು, ಯಾರನ್ನೂ ಲೆಕ್ಕಕ್ಕಿಡದ ನಡಿಗೆ. ಬಿಳಿ ನಿಲುವಂಗಿಯ ಮೇಲೆ ನೇರಳೆ ಪಟ್ಟಿ ತೊಟ್ಟ ಧರ್ಮಗುರುವಿನಂತೆ ಕಂಡದ್ದರಿಂದ ನೋಡಿದ ದಿನವೇ ಫೆಸ್ಟಿ ಅದಕ್ಕೆ ‘ಬಿಷಪ್’ ಎಂದು ಹೆಸರಿಟ್ಟ. ಹೆಂಡತಿ ನೋರೀನ್ ಗಾಬರಿಯಿಂದ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಿದ್ದಳು. “ಮನೆಯೊಳಗೆ ಬೇಕಾದ್ರೆ ಕರಿ. ಹೊರಗೆ ಯಾರ ಕಿವಿಗಾದ್ರೂ ಬಿತ್ತೋ, ನಾನು ಚರ್ಚಿಗೆ ಮುಖ ಮುಚ್ಕೊಂಡು ಹೋಗಬೇಕಾಗುತ್ತೆ” ಅಂದಿದ್ದಳು. ಹಾಗಾಗಿ ಆ ಹೆಸರು ಗಂಡ ಹೆಂಡತಿ ಬಿಟ್ಟರೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಂದು ನೋರೀನ್ ಮಂಡಿನೋವು ತೋರಿಸಲು ಮನೆಯ ವ್ಯಾನು ತೆಗೆದುಕೊಂಡು ಪಟ್ಟಣಕ್ಕೆ ಹೋಗಿದ್ದಳು. ಬಿಷಪ್‌ನನ್ನು ಹಗ್ಗ ಕಟ್ಟಿ ನಡೆಸಿಕೊಂಡು ಬರುವ ಮಾತೇ ಇಲ್ಲ. ಅದಕ್ಕೆ ತಾನಾಗಿ ಹೋಗಲು ಕಾಲಿತ್ತು, ಕರೆದರೆ ಬರಲು ಇರಲಿಲ್ಲ. ಉಳಿದದ್ದು ಹುಲ್ಲಿನ ಕೊಟ್ಟಿಗೆಯಲ್ಲಿದ್ದ ಕಾರು.

ಅದು ನೋರೀನಳ ಅಣ್ಣ ಮಲಕಿಯದು. ಮಲಕಿ ಕೌಂಟಿ ಸಭೆಯ ಚುನಾಯಿತ ಸದಸ್ಯ. ಹನ್ನೊಂದು ದಿನದ ಹಿಂದೆ ಕೊಂಡ ಹೊಸ ಕಾರು. ಅವನ ಮನೆ ಸುತ್ತಲಿನ ಮರಗಳ ತುಂಬ ಕಾಗೆ ಗೂಡು, ಕಾರಿನ ಮೇಲೆ ಒಂದು ಹನಿ ಬಿದ್ದರೂ ಅವನ ಜೀವ ಹೋಗುತ್ತಿತ್ತು. ಆ ದಿನ ಸಭೆಗೆ ಬೇರೆಯವರ ಕಾರಿನಲ್ಲಿ ಹೋಗುವ ಮೊದಲು ತನ್ನದನ್ನು ತಂದು ಫೆಸ್ಟಿಯ ಕೊಟ್ಟಿಗೆಯಲ್ಲಿ ನಿಲ್ಲಿಸಿ, “ಭಾವಾ, ಇದರ ಹತ್ರ ಒಂದು ಕೋಳಿ ಸುಳೀಬಾರದು. ನೀನೂ ಅಷ್ಟೆ. ಕೀಲಿ ಕೊಟ್ಟಿರೋದು ಕೊಟ್ಟಿಗೆಗೆ ಬೆಂಕಿ ಬಿದ್ರೆ ಹೊರಗೆ ತೆಗೆಯೋಕೆ ಮಾತ್ರ” ಎಂದಿದ್ದ.

ಫೆಸ್ಟಿ ಕಾರನ್ನೂ ಕಡಲನ್ನೂ ಒಂದೊಂದು ಸಲ ನೋಡಿದ. “ಬೆಂಕಿ ಬಿದ್ದಿದೆ ಅಂತಲೇ ಇಟ್ಕೊಳ್ಳೋಣ” ಎಂದು ತನಗೆ ತಾನೇ ಹೇಳಿಕೊಂಡು ಕೀಲಿ ತಿರುಗಿಸಿದ.

ಹೋಗುವಾಗ ಎಲ್ಲ ಸುಸೂತ್ರ. ಮರಳು ರಸ್ತೆಯಂತಿತ್ತು, ಕಾರು ಬೆಣ್ಣೆಯ ಮೇಲೆ ಚಾಕು ಹೋದಂತೆ ಹೋಯಿತು. ತೊಂದರೆ ಶುರುವಾದದ್ದು ಅತ್ತೆಯ ಅಡುಗೆಮನೆಯಲ್ಲಿ. ಫೆಸ್ಟಿ ಬಾಗಿಲ ಕಡೆಯಿಂದ ಬಂದರೆ ಬಿಷಪ್ ಒಲೆಯ ಕಡೆ, ಒಲೆಯ ಕಡೆಯಿಂದ ಬಂದರೆ ಬಿಷಪ್ ಬೆಂಚಿನ ಕೆಳಗೆ. ಅತ್ತೆ ಮೇಜಿನ ಮೇಲೆ ಪೊರಕೆ ಹಿಡಿದು ನಿಂತು, “ಎಡಕ್ಕೆ! ಎಡಕ್ಕೆ ಕಣೋ, ನಿನ್ನ ಎಡ ಯಾವುದು ಅಂತಾನೂ ಗೊತ್ತಿಲ್ವಾ?” ಎಂದು ಕೂಗುತ್ತಿದ್ದಳು. ಪೊರಕೆಯ ಏಟು ಟಗರಿಗೆ ಎರಡು ಬಿದ್ದರೆ ಫೆಸ್ಟಿಗೆ ಏಳು. ಎರಡೂವರೆ ತಾಸಿನ ಮೇಲೆ, ಬೆಣ್ಣೆ ಹಚ್ಚಿದ ಸೋಡಾ ಬ್ರೆಡ್ಡಿನ ತುಂಡು ತೋರಿಸಿದ್ದೇ ತಡ, ಅದು ತಾನಾಗಿ ಹಿಂದೆ ಬಂದು ಕಾರಿನ ಹಿಂದಿನ ಸೀಟಿಗೆ ಹತ್ತಿ ಕಿಟಕಿಯಾಚೆ ನೋಡುತ್ತ ಕೂತಿತು.

ಅರ್ಧ ದಾರಿ ಬಂದಿರಬೇಕು. ದೂರದಲ್ಲಿ ಬೆಳ್ಳನೆಯ ಗೆರೆಯಂತೆ ನೀರು ಕಾಣಿಸತೊಡಗಿತ್ತು. ಫೆಸ್ಟಿ ವೇಗ ಹೆಚ್ಚಿಸಿದ. ಆಗ ಬಿಷಪ್ ಹಿಂದಿನಿಂದ ಕತ್ತು ಚಾಚಿ ಫೆಸ್ಟಿಯ ಟೋಪಿ ತಿಂದಿತು. ಟೋಪಿ ಮುಗಿದ ಮೇಲೆ ಕಿವಿಗೆ ಬಾಯಿ ಹಾಕಿತು.

“ಅಯ್ಯಯ್ಯೋ!” ಎಂದು ಫೆಸ್ಟಿ ಕಿವಿ ಬಿಡಿಸಿಕೊಳ್ಳುವಷ್ಟರಲ್ಲಿ ಕಾರು ಕಂಬದ ಸಾಲು ಬಿಟ್ಟು, ಉಸ್ಸೆಂದು ಉಸಿರು ಬಿಟ್ಟು, ನಿಂತಿತು.

ಇಳಿದು ನೋಡಿದ. ಮುಂದಿನ ಚಕ್ರಗಳು ಅರ್ಧಕ್ಕೆ ಹೂತಿದ್ದವು. ಆದರೆ ನಿಜವಾದ ಆಘಾತ ಬೆನ್ನ ಹಿಂದೆ ಕಾದಿತ್ತು. ಬಾಗಿಲು ಗಾಳಿಗೆ ಮುಚ್ಚಿಕೊಂಡಿತು. ಒಳಗಿದ್ದ ಬಿಷಪ್ ಮುಂದಿನ ಸೀಟಿಗೆ ಹಾರಿ ಬಂದು ಕಿಟಕಿಯ ಅಂಚಿಗೆ ಮುಂಗಾಲು ಇಟ್ಟಿತು. ‘ಟಕ್’ ಎಂದು ಸದ್ದಾಯಿತು. ಒಂದು ಗುಂಡಿ ಒತ್ತಿದರೆ ನಾಲ್ಕೂ ಬಾಗಿಲಿಗೆ ಬೀಗ ಬೀಳುವ ಕಾರು ಅದು. ಆ ಗುಂಡಿಯನ್ನು ಮಲಕಿ ಊರಿನ ಪ್ರತಿಯೊಬ್ಬರಿಗೂ ಎರಡೆರಡು ಸಲ ಒತ್ತಿ ತೋರಿಸಿದ್ದ. ಕೀಲಿ ಒಳಗೇ ನೇತಾಡುತ್ತಿತ್ತು.

ಫೆಸ್ಟಿ ಕಲ್ಲೊಂದನ್ನು ಎತ್ತಿಕೊಂಡ. ಮಲಕಿಯ ಮುಖ ನೆನಪಾಗಿ ಕೈ ಮೇಲೇಳಲಿಲ್ಲ. ಕಲ್ಲು ಬಿಸಾಕಿ ದಡದ ಕಡೆಗೆ ಓಡಿದ.

ದಡದಲ್ಲಿ ಮೊದಲು ಸಿಗುವುದು ಡಿಂಪ್ನಾಳ ಅಂಗಡಿ. ಆ ಅಂಗಡಿಯಲ್ಲಿ ಉಪ್ಪಿನಿಂದ ಹಿಡಿದು ಊರವರ ಗುಟ್ಟಿನ ತನಕ ಎಲ್ಲ ಸಿಗುತ್ತಿತ್ತು. ಫೆಸ್ಟಿ ಬಾಗಿಲಿಗೆ ಆತುಕೊಂಡು ನಿಂತ. ಉಸಿರು ಮೂರು ಮಾತಿಗೆ ಮಾತ್ರ ಸಾಕಾಯಿತು.

“ಬಿಷಪ್... ಕಾರು... ನೀರು...”

ಅಷ್ಟು ಹೇಳಿ ಅವನು ಟ್ರ್ಯಾಕ್ಟರ್ ಇರುವ ಬಾರ್ಟ್ಲಿಯ ಮನೆಗೆ ಓಡಿದ.

ಡಿಂಪ್ನಾಳ ಕೈಯಿಂದ ಚಹಾದ ಕಪ್ಪು ಜಾರಿ ಚೂರಾಯಿತು. ಆ ವಾರವಿಡೀ ಬಿಷಪ್ಪರು ಮಕ್ಕಳ ಹಣೆಗೆ ಎಣ್ಣೆ ಹಚ್ಚಿ ದೃಢೀಕರಣ ಸಂಸ್ಕಾರ ಕೊಡುತ್ತ ನಮ್ಮ ಕಡೆಯ ಊರುಗಳನ್ನೆಲ್ಲ ಸುತ್ತುತ್ತಿದ್ದರು. ಅವಳು ದುರ್ಬೀನು ತೆಗೆದು ಕಣ್ಣಿಗೆ ಹಿಡಿದಳು. ಮರಳಿನ ನಡುವೆ ಮಲಕಿಯ ಹೊಸ ಕಾರು. ಸ್ಟೀರಿಂಗಿನ ಹಿಂದೆ ಬಿಳಿ ನಿಲುವಂಗಿ, ಎದೆಯ ಮೇಲೆ ನೇರಳೆ ಪಟ್ಟಿ, ತಲೆ ತಗ್ಗಿದೆ, ತುಟಿಗಳು ಅಲುಗುತ್ತಿವೆ.

“ಓ ದೇವಮಾತೆ! ಪ್ರಾರ್ಥನೆ ಮಾಡ್ತಿದ್ದಾರೆ!” ಎಂದು ಚೀರಿದಳು ಡಿಂಪ್ನಾ.

ಬಿಷಪ್ ಸೀಟಿನ ಹೊದಿಕೆಯನ್ನು ತಿನ್ನುತ್ತಿತ್ತು.

ಮುಂದಿನ ಐದು ನಿಮಿಷದಲ್ಲಿ ಡಿಂಪ್ನಾ ಮೂರು ಕಡೆ ಫೋನು ಮಾಡಿದಳು. ಚರ್ಚಿಗೆ ಮಾಡಿದಾಗ ಗಂಟೆ ಬಾರಿಸತೊಡಗಿತು. ಬಂದರಿಗೆ ಮಾಡಿದಾಗ ಜೀವರಕ್ಷಕ ದೋಣಿ ನೀರಿಗಿಳಿಯಿತು. ಸ್ಥಳೀಯ ರೇಡಿಯೋಗೆ ಮಾಡಿದಾಗ ಕೌಂಟಿಯ ಅರವತ್ತು ಸಾವಿರ ಜನರ ಮಧ್ಯಾಹ್ನದ ಊಟ ಗಂಟಲಲ್ಲೇ ನಿಂತಿತು. ಬಿಷಪ್ಪರು ಕಾರಿನಲ್ಲಿ ಎಲ್ಲಿಗೆ ಹೊರಟಿದ್ದರು ಎಂದು ರೇಡಿಯೋದವನು ಕೇಳಿದಾಗ ಡಿಂಪ್ನಾಗೆ ಅರೆಕ್ಷಣ ಗೊತ್ತಾಗಲಿಲ್ಲ. ಆಮೇಲೆ ಹೊಳೆಯಿತು. “ಇನ್ನೆಲ್ಲಿಗೆ? ದ್ವೀಪದಲ್ಲಿ ಒಂಟಿಯಾಗಿರೋ ನ್ಯಾಪಿ ಮುದುಕಿಗೆ ಆಶೀರ್ವಾದ ಮಾಡೋಕೆ!”

ಅತ್ತ ಫೆಸ್ಟಿ ಬಾರ್ಟ್ಲಿಯ ಮನೆ ಮುಟ್ಟಿದಾಗ ಅವನಿಗೆ ಅಚ್ಚರಿ ಕಾದಿತ್ತು. ಮರಳಿನ ಹತ್ತಿರಕ್ಕೂ ತನ್ನ ಟ್ರ್ಯಾಕ್ಟರ್ ಒಯ್ಯದ ಬಾರ್ಟ್ಲಿ, ಮನೆಯೊಳಗೆ ರೇಡಿಯೋ ಕೂಗುತ್ತಿರುವಂತೆಯೇ ಎಂಜಿನ್ ಶುರುಮಾಡಿ ಹಗ್ಗ ಸುತ್ತಿಕೊಳ್ಳುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು.

“ಬಾರ್ಟ್ಲಿ, ನಿನಗೆ ಆಗಲೇ ಗೊತ್ತಾಯ್ತಾ? ಮರಳಿಗೆ ಇಳಿಸ್ತೀಯಾ?”

“ಇಂಥ ಹೊತ್ತಲ್ಲಿ ಇಳಿಸದೆ ಇನ್ಯಾವಾಗ ಇಳಿಸಲಿ? ಬೇಕಾದ್ರೆ ನನ್ನ ಪ್ರಾಣಾನೂ ಇಳಿಸ್ತೀನಿ!”

ಫೆಸ್ಟಿ ಅವನ ಎರಡೂ ಕೈ ಹಿಡಿದುಕೊಂಡ. “ಅದರ ಮೇಲೆ ನಿನಗಿಷ್ಟು ಪ್ರೀತಿ ಅಂತ ಗೊತ್ತಿರಲಿಲ್ಲ ಬಾರ್ಟ್ಲಿ.”

“‘ಅದು’ ಅಂತೀಯಾ?” ಬಾರ್ಟ್ಲಿ ಕೆಂಪಗಾದ. “ನಾಲಿಗೆ ಬಿಗಿಹಿಡಿದು ಮಾತಾಡೋ! ನನ್ನ ಮೂರೂ ಮಕ್ಕಳ ಹಣೆ ಮುಟ್ಟಿದ ಕೈ ಅದು.”

ಟಗರಿಗೆ ಕೈ ಎಲ್ಲಿಂದ ಬಂತು ಎಂದು ಯೋಚಿಸುತ್ತಲೇ ಫೆಸ್ಟಿ ಟ್ರ್ಯಾಕ್ಟರ್ ಹತ್ತಿದ. ದಡಕ್ಕೆ ಬಂದಾಗ ಉತ್ತರ ಸಿಕ್ಕಿತು, ಕಾಲ ಕೆಳಗಿನ ನೆಲವೂ ಹೋಯಿತು. ಊರಿಗೆ ಊರೇ ಒದ್ದೆ ಮರಳಿನ ಮೇಲೆ ಮೊಣಕಾಲೂರಿ ಕೂತಿತ್ತು. ಜಪಮಾಲೆಗಳು ತಿರುಗುತ್ತಿದ್ದವು. ರೇಡಿಯೋದವನು ಮೈಕಿನಲ್ಲಿ ಪಿಸುಗುಡುತ್ತಿದ್ದ: “ಪೂಜ್ಯ ಬಿಷಪ್ಪರು ಶಾಂತವಾಗಿ ಕುಳಿತಿದ್ದಾರೆ. ಅವರ ಮುಖದಲ್ಲಿ ಭಯದ ಸುಳಿವೂ ಇಲ್ಲ. ಆಗಾಗ ಏನನ್ನೋ ಮೆಲುಕು ಹಾಕುವಂತೆ ಕಾಣುತ್ತದೆ.”

ಫೆಸ್ಟಿ ಟ್ರ್ಯಾಕ್ಟರಿನಿಂದ ಜಾರಿ ಇಳಿದು ಡಿಂಪ್ನಾಳ ಬಳಿಗೆ ಓಡಿದ. ಬಾಯಿ ತೆರೆದ. “ಡಿಂಪ್ನಾ, ಸ್ವಲ್ಪ ಕೇಳು, ಆ ಕಾರಿನಲ್ಲಿರೋದು...”

“ಶ್! ಜಪ ನಡೀತಿದೆ. ಮಂಡಿಯೂರು!”

ಅವನು ಕಡಲು ನೋಡಿದ. ನೀರು ಚಕ್ರ ಮುಟ್ಟಿತ್ತು. ಈಗ ಸತ್ಯ ಹೇಳಿದರೆ ಬಾರ್ಟ್ಲಿ ಟ್ರ್ಯಾಕ್ಟರ್ ತಿರುಗಿಸುತ್ತಾನೆ, ದೋಣಿ ಬಂದರಿಗೆ ಮರಳುತ್ತದೆ, ಜನ ಚಹಾಕ್ಕೆ ಏಳುತ್ತಾರೆ. ಟಗರು ಸಾಯುತ್ತದೆ, ಕಾರು ಮುಳುಗುತ್ತದೆ, ಆಮೇಲೆ ಮಲಕಿ ತನ್ನನ್ನು ಅದೇ ನೀರಿನಲ್ಲಿ ಅದ್ದುತ್ತಾನೆ. ಫೆಸ್ಟಿ ಬಾಯಿ ಮುಚ್ಚಿ ಮಂಡಿಯೂರಿದ. ಅಂದು ದಡದಲ್ಲಿ ಅವನಷ್ಟು ಭಕ್ತಿಯಿಂದ ಪ್ರಾರ್ಥಿಸಿದವರು ಯಾರೂ ಇರಲಿಲ್ಲ.

ಬಾರ್ಟ್ಲಿ ಕಾರಿನ ಹತ್ತಿರ ಹೋಗುವಷ್ಟರಲ್ಲಿ ಒಳಗಿನ ಉಸಿರಿನ ಹಬೆಗೆ ಗಾಜುಗಳೆಲ್ಲ ಮಸುಕಾಗಿದ್ದವು. ಅವನು ಹಗ್ಗ ಕಟ್ಟಿ ಎಳೆದ. ಹಗ್ಗ ತುಂಡಾಯಿತು. ಸರಪಳಿ ಹಾಕಿ ಎಳೆದ. ಕಾರು ಬರಲಿಲ್ಲ, ಅದರ ಮುಂದಿನ ಬಂಪರ್ ಮಾತ್ರ ಬಂತು. ಹೊಳೆಯುವ ಆ ಬಂಪರ್ ಮರಳಿನ ಮೇಲೆ ಕುಣಿಯುತ್ತ ಬರುತ್ತಿರುವಾಗಲೇ ಮಲಕಿ ಕಾರೊಂದರಿಂದ ಹಾರಿ ಇಳಿದ. ಸಭೆಯ ನಡುವೆ ರೇಡಿಯೋ ಕೇಳಿ ಎದ್ದು ಬಂದಿದ್ದ.

“ನನ್ನ ಕಾರು!” ಎಂದು ಅವನು ಕಿರುಚಿದ. ಅಷ್ಟರಲ್ಲಿ ಮೈಕು ಅವನ ಮೂಗಿನ ಮುಂದೆ ಬಂತು.

“ಮಲಕಿಯವರೇ, ಬಿಷಪ್ಪರಿಗೆ ಈ ಕಾರು ಕೊಟ್ಟವರು ನೀವೇ ತಾನೇ?”

ಮಲಕಿಯ ಮುಖದಲ್ಲಿ ಸಿಟ್ಟು ಹೋಗಿ ಗಾಬರಿ ಬಂತು, ಗಾಬರಿ ಹೋಗಿ ಚುನಾವಣೆ ಬಂತು. ಕೋಟು ಸರಿಪಡಿಸಿಕೊಂಡ. “ಹೌದು. ನಾನೇ ಕೊಟ್ಟೆ. ಇಡೀ ಕೌಂಟಿಯ ಮುದುಕಿಯರೆಲ್ಲ ನನಗೆ ಹೆತ್ತತಾಯಿ ಇದ್ದಂತೆ. ಅವರ ಸೇವೆಗೆ ಹೋಗುವ ಗುರುಗಳಿಗೆ ಒಂದು ಕಾರು ಯಾವ ಲೆಕ್ಕ?” ಆಮೇಲೆ ಫೆಸ್ಟಿಯ ತೋಳು ಹಿಡಿದು ಕಿವಿಯಲ್ಲಿ, “ಭಾವಾ, ಕತ್ತೆ ಅಂದ್ಕೊಂಡಿದ್ದೆ ನಿನ್ನ. ಎಂಥ ಕೆಲಸ ಮಾಡಿದೆ! ಇನ್ನು ಹತ್ತು ವರ್ಷ ನನ್ನ ಕುರ್ಚಿ ಅಲ್ಲಾಡಿಸೋರಿಲ್ಲ” ಅಂದ.

“ಮಲಕಿ, ಆ ಬಾಗಿಲು ನೀನು ತೆಗೀಬೇಡ” ಎಂದ ಫೆಸ್ಟಿ ಕ್ಷೀಣವಾಗಿ.

“ನಾನಲ್ಲದೆ ಇನ್ಯಾರು? ಇನ್ನೊಂದು ಕೀಲಿ ನನ್ನ ಜೇಬಲ್ಲಿದೆ!”

ದೋಣಿಯ ಆರು ಜನ ಸೊಂಟಮಟ್ಟದ ನೀರಿಗಿಳಿದು ಹಿಂದಿನಿಂದ ನೂಕಿದರು. ಬಾರ್ಟ್ಲಿ ಸರಪಳಿಯನ್ನು ಅಚ್ಚಿಗೇ ಸಿಕ್ಕಿಸಿ ಎಳೆದ. ಮೂರನೇ ಸಲಕ್ಕೆ ಕಡಲು ಕಾರನ್ನು ಬಿಟ್ಟಿತು. ನಾಲ್ಕೂ ಬಾಗಿಲಿಂದ ನೀರು ಸುರಿಸುತ್ತ ಅದು ದಡಕ್ಕೆ ಬಂದು ನಿಂತಾಗ ಜನ ಕಣ್ಣೀರಿಟ್ಟರು. ಗಾಜುಗಳು ಇನ್ನೂ ಮಸುಕಾಗಿಯೇ ಇದ್ದವು. ಬಿಳಿಯ ಆಕಾರವೊಂದು ಮೆಲ್ಲಗೆ ಅಲುಗುತ್ತಿತ್ತು.

“ಬದುಕಿದ್ದಾರೆ!”

ಮಲಕಿ ಕೀಲಿ ತಿರುಗಿಸಿ ಬಾಗಿಲು ತೆರೆದು, ಪದ್ಧತಿಯಂತೆ ಬಿಷಪ್ಪರ ಉಂಗುರಕ್ಕೆ ಮುತ್ತಿಡಲು ಮೊಣಕಾಲೂರಿ ತಲೆ ಬಾಗಿಸಿದ. ರೇಡಿಯೋದವನು ಮೈಕನ್ನು ಒಳಗೆ ಚಾಚಿದ. “ಪೂಜ್ಯರೇ, ಜನರಿಗೆ ಎರಡು ಮಾತು...”

“ಮ್ಯಾ” ಎಂದಿತು ಬಿಷಪ್.

ಆ ಎರಡು ಮಾತಿನಲ್ಲಿ ಮೊದಲನೆಯದನ್ನು ಇಡೀ ಕೌಂಟಿ ಕೇಳಿತು. ಎರಡನೆಯದು ಮಲಕಿಯ ಹಣೆಗೆ ಬಿತ್ತು. ಅವನು ಹಿಂದಕ್ಕೆ ಉರುಳಿ ನೀರು ನಿಂತ ಗುಂಡಿಯಲ್ಲಿ ಕೂತ. ಬಿಷಪ್ ಇಳಿದು, ಮೈ ಕೊಡವಿ, ಮಂಡಿಯೂರಿದ್ದ ಭಕ್ತರ ಸಾಲಿನ ನಡುವೆ ಅವಸರವಿಲ್ಲದೆ ನಡೆದುಹೋಯಿತು. ಮುಂದಿನ ಸಾಲಿನ ಕಣ್ಣು ಕಾಣದ ಮುದುಕನೊಬ್ಬ ಅದು ಹತ್ತಿರ ಬಂದಾಗ ಭಕ್ತಿಯಿಂದ ಉಣ್ಣೆ ಮುಟ್ಟಿ ಕಣ್ಣಿಗೊತ್ತಿಕೊಂಡ.

ಎಲ್ಲರ ಮುಖವೂ ನಿಧಾನವಾಗಿ ಫೆಸ್ಟಿಯ ಕಡೆ ತಿರುಗಿತು.

“ಬಿಷಪ್ ಅಂದೆಯಲ್ಲೋ!” ಡಿಂಪ್ನಾಳ ದನಿ ನಡುಗುತ್ತಿತ್ತು.

“ಅದು... ಅದರ ಹೆಸರು.”

“ಹೆಸರಾ? ನಾನು ಐದು ಸುತ್ತು ಜಪಮಾಲೆ ಹಾಕಿದೀನಿ! ಒಂದು ಟಗರಿಗೆ!”

“ನಾನು ಪ್ರಾಣ ಕೊಡ್ತೀನಿ ಅಂದೆ” ಎಂದ ಬಾರ್ಟ್ಲಿ, ತನ್ನಷ್ಟಕ್ಕೆ, ಇನ್ನೂ ನಂಬಲಾಗದೆ. ಸರಪಳಿ ಬಿಚ್ಚಿಕೊಂಡು ಹಿಂದೆ ನೋಡದೆ ಹೋದ. ದೋಣಿಯವರು ಬೂಟಿನಿಂದ ನೀರು ಸುರಿದುಕೊಂಡರು. ಅವರ ಮುಖಂಡ ಫೆಸ್ಟಿಯ ಹತ್ತಿರ ಬಂದು, ಏನೋ ಹೇಳಲು ಹೋಗಿ, ಹೇಳಲಾರದೆ ಉಗುಳಿ ಹೊರಟ. ನಿಜವಾದ ಬಿಷಪ್ಪರು ಮೂವತ್ತು ಮೈಲಿ ಆಚೆ ಊಟ ಮುಗಿಸಿ, ತಮ್ಮ ಸಾವಿನ ಅಂಚಿನ ಸುದ್ದಿ ತಾವೇ ಕೇಳಿ ರೇಡಿಯೋಗೆ ಫೋನು ಮಾಡಿದ್ದಾರೆಂದು ಅಷ್ಟರಲ್ಲಿ ತಿಳಿಯಿತು.

ಮಲಕಿ ಗುಂಡಿಯಲ್ಲಿ ಕೂತೇ ಇದ್ದ. ಹಣೆಯ ಮೇಲೆ ಮೊಟ್ಟೆಯಷ್ಟು ಬುಗುಟು. “ಭಾವ” ಎಂದ ಮೆಲ್ಲಗೆ, “ಆ ಕಾರು ಇನ್ನು ನೀನೇ ಇಟ್ಕೋ. ಅದರಲ್ಲಿ ಕೋಳಿ ಸಾಕು.”

ಫೆಸ್ಟಿ ಮನೆಗೆ ಬಂದು ಒದ್ದೆ ಬಟ್ಟೆಯಲ್ಲೇ ಕುರ್ಚಿಗೆ ಕುಸಿದ. ಊರು ಹೋಯಿತು, ನೆಂಟಸ್ತಿಕೆ ಹೋಯಿತು, ಟೋಪಿಯೂ ಹೋಯಿತು. ನೋರೀನ್ ಬಂದ ಮೇಲೆ ಮನೆಯೂ ಹೋಗಬಹುದು. ಆದರೂ ಒಂದು ಸಮಾಧಾನ ಉಳಿದಿತ್ತು. ನೀರು ಏರುವುದರೊಳಗೆ ಟಗರು ಅತ್ತೆಯ ಮನೆ ಬಿಟ್ಟಿತ್ತು. ಎಂಟೆಕರೆ ಕೈಬಿಟ್ಟಿರಲಿಲ್ಲ.

ಫೋನು ಬಡಿದುಕೊಂಡಿತು. ನ್ಯಾಪಿ ಅತ್ತೆ. ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು.

“ಫೆಸ್ಟಿ, ಕಂದ, ಬಿಷಪ್ಪರು ಬದುಕಿದ್ರಾ? ಅವರ ಕಾರು ನೀರಲ್ಲಿ ಸಿಕ್ಕಿದೆ ಅಂತ ಹೇಳ್ತಾ ಇದ್ದ ಹಾಗೇ ನನ್ನ ರೇಡಿಯೋ ಬ್ಯಾಟರಿ ಸತ್ತುಹೋಯ್ತು.”

“ಬದುಕಿದಾನೆ... ಬದುಕಿದ್ದಾರೆ ಅತ್ತೆ.”

“ದೇವರು ದೊಡ್ಡವನು! ನನ್ನನ್ನ ನೋಡೋಕೆ ಅಂತ ಪ್ರಾಣ ಕೈಯಲ್ಲಿ ಹಿಡ್ಕೊಂಡು ಬಂದ್ರಲ್ಲೋ. ಎರಡು ಗಂಟೆ ಕಲ್ಲು ನೆಲದ ಮೇಲೆ ಮೊಣಕಾಲೂರಿದೀನಿ. ಹರಕೆ ಹೊತ್ಕೊಂಡೆ. ಬದುಕಿ ದಡ ಸೇರಿದ್ರೆ ಈ ಎಂಟೆಕರೆ ಅವರಿಗೇ ಅಂತ. ವಕೀಲನಿಗೆ ಫೋನು ಮಾಡಿ ಹೇಳೂ ಆಯ್ತು.”

ಫೆಸ್ಟಿಗೆ ಕುರ್ಚಿಯೇ ಅಡಿಮೇಲಾದಂತಾಯಿತು. ಇನ್ನು ಮುಚ್ಚಿಟ್ಟು ಫಲವಿಲ್ಲ. “ಅತ್ತೆ, ಕೇಳು! ಅದು ಬಿಷಪ್ಪರಲ್ಲ! ಕಾರಲ್ಲಿದ್ದದ್ದು ನಮ್ಮ ಟಗರು! ಟಗರಿನ ಹೆಸರೇ ಬಿಷಪ್! ನಿನ್ನ ಹರಕೆ ಲೆಕ್ಕಕ್ಕಿಲ್ಲ!”

ಆ ಕಡೆ ಅತ್ತೆ ಕುರ್ಚಿ ಎಳೆದು ಕೂತ ಸದ್ದು ಕೇಳಿತು.

“ಹೆಸರಿಟ್ಟಿದ್ದು ಯಾರು?”

“...ನಾನೇ.”

“ಅಂದ್ರೆ ನಾನು ಎರಡು ಗಂಟೆ ಪ್ರಾರ್ಥನೆ ಮಾಡಿದ್ದು ನನ್ನ ಪರದೆ ತಿಂದ ಪ್ರಾಣಿಗೆ. ಆ ಪ್ರಾಣಿಗೆ ನೀನಿಟ್ಟಿದ್ದು ಆ ಪುಣ್ಯಾತ್ಮರ ಹೆಸರು.”

“ಅತ್ತೆ...”

“ನೋಡು ಫೆಸ್ಟಿ, ಇಷ್ಟೊತ್ತು ಹರಕೆಗೆ ಅಂತ ಕೊಡ್ತಿದ್ದೆ. ಈಗ ನಮ್ಮ ಮನೆತನ ಮಾಡಿದ ಪಾಪಕ್ಕೆ ಅಂತ ಕೊಡ್ತೀನಿ. ಎಂಟೆಕರೆನೂ ಬಿಷಪ್ಪರಿಗೇ.”

ಫೆಸ್ಟಿ ಟೋಪಿ ತೆಗೆಯಲು ತಲೆಗೆ ಕೈ ಹಾಕಿದ, ಟೋಪಿ ಇರಲಿಲ್ಲ.

“ಇನ್ನೊಂದು ವಿಷಯ,” ಎಂದಳು ಅತ್ತೆ, ತನ್ನ ಹಳೆಯ ದನಿಗೆ ಮರಳಿ. “ಶುಕ್ರವಾರ ನೀರು ಇಳಿದ ಕೂಡಲೇ ಬಾ. ಉಯಿಲಿಗೆ ಸಾಕ್ಷಿ ಸಹಿ ಹಾಕಬೇಕು. ಅದರಲ್ಲಿ ಏನೂ ಸಿಗದೇ ಇರೋರೇ ಹಾಕಬೇಕಂತೆ, ವಕೀಲ ಹೇಳಿದ. ನನಗೆ ಮೊದಲು ನಿನ್ನ ಹೆಸರೇ ಹೊಳೀತು.”